ತೆರೆ ಕಪ್ಪಾದಾಗ

ವಿಜ್ಞಾನದ ವಿಧಾನವೆಂದರೇನು ಎಂದು ಕೇಳಿದರೆ ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿಗಳಲ್ಲಿ ಯಾರೂ ತಡವರಿಸಲಾರರು. ಕಣ್ಣಿಟ್ಟು ನೋಡುವುದು, ಕಾರಣವನ್ನು ಊಹಿಸುವುದು, ಊಹೆಯನ್ನು ಪ್ರಯೋಗದಿಂದ ಪರೀಕ್ಷಿಸುವುದು, ಆಮೇಲೆ ನಿರ್ಣಯಕ್ಕೆ ಬರುವುದು ಎಂದು ಒಂದೇ ಉಸಿರಿಗೆ ಒಪ್ಪಿಸಿಬಿಡುವರು. ಆದರೆ ಪಾಠವನ್ನು ಒಪ್ಪಿಸಿದ ಆ ವಿದ್ಯಾರ್ಥಿಯೇ ಕಂಪ್ಯೂಟರಿನ ಮುಂದೆ ಕುಳಿತಿರುವಾಗ ಅದರ ತೆರೆ ಥಟ್ಟನೆ ಕಪ್ಪಾಯಿತೆನ್ನೋಣ. ಆಗ ಅವನು ಮಾಡುವುದೇನು? ಗುಂಡಿಯನ್ನು ಹತ್ತು ಸಲ ಒತ್ತುವನು. ತಂತಿಗಳನ್ನೆಲ್ಲ ಒಟ್ಟಿಗೆ ಕಿತ್ತು ಒಟ್ಟಿಗೆ ಸಿಕ್ಕಿಸುವನು. ಯಾರೋ ಎಲ್ಲಿಯೋ ಬರೆದ ಆಜ್ಞೆಯೊಂದನ್ನು ಅರ್ಥ ತಿಳಿಯದೆಯೇ ನಕಲು ಮಾಡಿ ಹಾಕುವನು. ಅದಕ್ಕೂ ಬಗ್ಗದಿದ್ದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬುವನು. ಕಟ್ಟಕಡೆಗೆ "ಇದು ಸತ್ತುಹೋಯಿತು, ಬೇರೆ ತರಿಸಿ" ಎಂದು ತೀರ್ಪು ಕೊಡುವನು. ನೋಟವೂ ಇಲ್ಲ, ಊಹೆಯೂ ಇಲ್ಲ, ಪರೀಕ್ಷೆಯೂ ಇಲ್ಲ. ತೀರ್ಪು ಮಾತ್ರ ಉಂಟು.

ಇದು ವಿದ್ಯಾರ್ಥಿಯ ತಪ್ಪೆಂದು ನಾನು ಹೇಳಲಾರೆ. ಕೆಟ್ಟುಹೋದ ಯಂತ್ರವೂ ಒಂದು ಪಾಠವೆಂದು ಅವನಿಗೆ ನಾವು ಎಂದೂ ಹೇಳಿಕೊಟ್ಟಿಲ್ಲ. ಸರಿಯಾಗಿ ನಡೆಯುತ್ತಿರುವ ಯಂತ್ರವನ್ನು ಬಳಸುವುದನ್ನು ಮಾತ್ರ ಕಲಿಸಿ, ನಡೆಯದಿರುವ ಯಂತ್ರವನ್ನು ರಿಪೇರಿಯವನ ಪಾಲಿಗೆ ಬಿಟ್ಟಿದ್ದೇವೆ. ನನ್ನ ಅಭಿಪ್ರಾಯವಾದರೋ ಬೇರೆ. ಕಪ್ಪಾದ ತೆರೆಗಿಂತ ಒಳ್ಳೆಯ ಪ್ರಯೋಗಶಾಲೆ ನಮ್ಮ ಬಡ ಶಾಲೆಗಳಿಗೆ ದೊರೆಯಲಾರದು. ಇದಕ್ಕೆ ಆಮ್ಲವೂ ಬೇಡ, ಗಾಜಿನ ನಳಿಗೆಯೂ ಬೇಡ. ತಾಳ್ಮೆ ಮತ್ತು ಒಂದು ನೋಟುಪುಸ್ತಕ ಇದ್ದರೆ ಸಾಕು. ಈ ಮಾತನ್ನು ಸಮರ್ಥಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯವನ್ನು ಈಗಲೇ ಎತ್ತುವುದಕ್ಕೆ ಕಾರಣವೂ ಉಂಟು. 2025ನೆಯ ಇಸವಿಯ ಅಕ್ಟೋಬರ್ 14ರಂದು ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಅದರ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲವು ಮುಗಿಯಿತು. ಅದರ ಮುಂದಿನ ಆವೃತ್ತಿಯು ಬಹುಮಂದಿಯ ಹಳೆಯ ಕಂಪ್ಯೂಟರುಗಳನ್ನು ಒಪ್ಪುವುದಿಲ್ಲ. ಯಂತ್ರವೇನೋ ಗಟ್ಟಿಯಾಗಿದೆ, ಅದರೊಳಗಿನ ತಂತ್ರಾಂಶಕ್ಕೆ ಮಾತ್ರ ವಯಸ್ಸಾಗಿದೆ. ಇಂತಹ ಯಂತ್ರಗಳನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳುವ ಒಂದು ಮಾರ್ಗವೆಂದರೆ ಲಿನಕ್ಸ್. ಈ ಮಾರ್ಗ ನಮಗೇನೂ ಅಪರಿಚಿತವಲ್ಲ. ಮಂಗಳೂರಿನಿಂದ ದಕ್ಷಿಣಕ್ಕೆ ತಲಪಾಡಿಯ ಗಡಿಯನ್ನು ದಾಟಿದರೆ ಮಂಜೇಶ್ವರ, ಕಾಸರಗೋಡುಗಳ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳು ಲಿನಕ್ಸಿನಲ್ಲಿಯೇ ಪಾಠ ಕಲಿಯುತ್ತಿದ್ದಾರೆ. ಕೇರಳ ಸರಕಾರವು 2001ರಲ್ಲಿ ಆರಂಭಿಸಿದ ಐ.ಟಿ. ಅಟ್ ಸ್ಕೂಲ್ ಯೋಜನೆಯು ಕ್ರಮೇಣ ಸ್ವತಂತ್ರ ತಂತ್ರಾಂಶವನ್ನು ಅಂಗೀಕರಿಸಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಗಿ ರೂಪುಗೊಂಡಿತು. ಗಡಿಯಾಚೆಯ ಕನ್ನಡ ಮಕ್ಕಳಿಗೆ ಸಾಧ್ಯವಾದುದು ಗಡಿಯೀಚೆಯವರಿಗೆ ಅಸಾಧ್ಯವೆಂದು ಹೇಳಲು ಕಾರಣವಿಲ್ಲ. ಆದರೂ ನಮ್ಮಲ್ಲಿ ಲಿನಕ್ಸನ್ನು ಹಾಕಿದವರು ಅನೇಕರು ಮೊದಲ ದಿನವೇ ಕಪ್ಪು ತೆರೆಯನ್ನು ಕಂಡು ಹಿಂದಿರುಗುತ್ತಾರೆ. ಹೀಗೆ ಒಂದು ಸಣ್ಣ ಅಡ್ಡಿಯ ಮುಂದೆ ಒಂದು ದೊಡ್ಡ ಅವಕಾಶ ಸೋತುಹೋಗುತ್ತಿದೆ.

ಬಂದರಿನ ದೃಷ್ಟಾಂತ

ತೆರೆಯ ಮೇಲೆ ಚಿತ್ರವು ಮೂಡುವ ಬಗೆಯನ್ನು ತಿಳಿಯದೆ ಅದು ಮೂಡದಿರುವುದರ ಕಾರಣವನ್ನು ತಿಳಿಯುವುದು ಅಸಾಧ್ಯ. ಇದನ್ನು ಪಣಂಬೂರಿನ ದೃಷ್ಟಾಂತದಿಂದಲೇ ಹೇಳುವೆನು. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1975ರ ಜನವರಿಯಲ್ಲಿ ಅದರ ಉದ್ಘಾಟನೆ ನಡೆಯಿತು. ನಿಸರ್ಗವು ಕೊಟ್ಟ ಕೊಲ್ಲಿ ಇಲ್ಲಿರಲಿಲ್ಲ. ನೆಲವನ್ನು ಅಗೆದು, ಹೂಳನ್ನು ಎತ್ತಿ, ಮನುಷ್ಯನು ಮಾಡಿಕೊಂಡ ಬಂದರಿದು. ಆದುದರಿಂದ ಹೊರಗಿನಿಂದ ಬಂದ ಹಡಗು ತನ್ನಿಚ್ಛೆಯಂತೆ ಒಳನುಗ್ಗುವಂತಿಲ್ಲ. ಬಂದರಿನ ಪೈಲಟನು ಹಡಗನ್ನೇರುತ್ತಾನೆ. ಹಡಗಿನ ಉದ್ದವೆಷ್ಟು, ನೀರಿನೊಳಗೆ ಎಷ್ಟು ಆಳಕ್ಕೆ ಮುಳುಗಿದೆ, ಯಂತ್ರದ ವೇಗವೆಷ್ಟು ಎಂಬ ವಿವರಗಳ ಪತ್ರವನ್ನು ಕಪ್ತಾನನು ಅವನಿಗೆ ಒಪ್ಪಿಸುತ್ತಾನೆ. ಆ ಪತ್ರವನ್ನು ನೋಡಿಕೊಂಡ ಬಳಿಕವೇ ಪೈಲಟನ ಮಾರ್ಗದರ್ಶನದಲ್ಲಿ ಹಡಗು ಕಾಲುವೆಯನ್ನು ಪ್ರವೇಶಿಸುವುದು.

ಕಂಪ್ಯೂಟರು ಮತ್ತು ಮಾನಿಟರುಗಳ ನಡುವೆಯೂ ಇಂತಹದೇ ಪತ್ರವ್ಯವಹಾರ ನಡೆಯುತ್ತದೆ. ಮಾನಿಟರಿನ ಒಳಗೆ ಒಂದು ಪುಟ್ಟ ಸ್ಮೃತಿಕೋಶವುಂಟು. ಅದರಲ್ಲಿ ಅದರ ತಯಾರಕರು ಯಾರು, ಅದು ಎಷ್ಟು ಸಾಲುಗಳ, ಎಷ್ಟು ಚುಕ್ಕೆಗಳ ಚಿತ್ರವನ್ನು ತಾಳಬಲ್ಲುದು, ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಬದಲಾಯಿಸಬಲ್ಲುದು ಮುಂತಾದ ಸಂಗತಿಗಳು ಅಡಕವಾಗಿವೆ. ಈ ಗುರುತಿನ ಚೀಟಿಗೆ ಇಡಿಐಡಿ ಎಂದು ಹೆಸರು. 1994ರಲ್ಲಿ ಇದು ಮೊದಲು ಬಳಕೆಗೆ ಬಂದಿತು. ಇದರ ಮೂಲಭಾಗ ಕೇವಲ 128 ಬೈಟುಗಳು. ಮೊದಲನೆಯ ಬೈಟು ಸೊನ್ನೆ, ಅನಂತರದ ಆರು ಬೈಟುಗಳು 255, ಎಂಟನೆಯದು ಮತ್ತೆ ಸೊನ್ನೆ. ಚೀಟಿಯ ತಲೆಬರಹವೇ ಇದು. ಕೊನೆಯ ಬೈಟು ಲೆಕ್ಕದ ಕಾವಲುಗಾರ: 128 ಸಂಖ್ಯೆಗಳನ್ನೂ ಕೂಡಿಸಿದಾಗ ಬರುವ ಮೊತ್ತವು 256ರಿಂದ ಶೇಷವಿಲ್ಲದೆ ಭಾಗವಾಗಬೇಕು. ಭಾಗವಾಗದಿದ್ದರೆ ಚೀಟಿ ದಾರಿಯಲ್ಲಿ ಕೆಟ್ಟಿದೆಯೆಂದೇ ಅರ್ಥ. ನಮ್ಮ ಹಿರಿಯ ವ್ಯಾಪಾರಿಗಳು ಜಮಾಖರ್ಚಿನ ಪುಸ್ತಕದಲ್ಲಿ ಅಡಿಮೊತ್ತವನ್ನು ತಾಳೆನೋಡುತ್ತಿದ್ದ ಕ್ರಮಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಈಗ ಎಲ್ಲೆಡೆಯೂ ಕಾಣುವ ಎಚ್‌ಡಿಎಂಐ ಕೇಬಲಿನ ತುದಿಯಲ್ಲಿ 19 ಪಿನ್ನುಗಳಿವೆ. ಅವುಗಳಲ್ಲಿ ಬಹುಪಾಲು ಚಿತ್ರವನ್ನು ಹೊರಲು ಮೀಸಲಾಗಿವೆ. 15 ಮತ್ತು 16ನೆಯವು ಗುರುತಿನ ಚೀಟಿಯನ್ನು ತರುತ್ತವೆ. 18ನೆಯದು 5 ವೋಲ್ಟುಗಳ ವಿದ್ಯುತ್ತನ್ನು ಒದಗಿಸುತ್ತದೆ. 19ನೆಯದು "ನಾನು ಇಲ್ಲಿ ಇದ್ದೇನೆ" ಎಂದು ಮಾನಿಟರು ಕೊಡುವ ಸನ್ನೆಯನ್ನು ಮುಟ್ಟಿಸುತ್ತದೆ. ಚಿತ್ರದ ದಾರಿ ಬೇರೆ, ಚೀಟಿಯ ದಾರಿ ಬೇರೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಾಗುವುದು.

ಚೀಟಿಯನ್ನು ಓದಿದ ಮೇಲೆ ಕಂಪ್ಯೂಟರು ಚಿತ್ರದ ಅಳತೆಯನ್ನು ಗೊತ್ತುಮಾಡುತ್ತದೆ. ಸಾಮಾನ್ಯವಾದ ಮಾನಿಟರಿನಲ್ಲಿ ಒಂದು ಸಾಲಿಗೆ 1920 ಚುಕ್ಕೆಗಳು, ಅಂತಹ ಸಾಲುಗಳು 1080. ಆದರೆ ಸಾಲು ಮುಗಿದು ಮುಂದಿನ ಸಾಲು ತೊಡಗುವ ಮುನ್ನ, ಚಿತ್ರ ಮುಗಿದು ಮುಂದಿನ ಚಿತ್ರ ತೊಡಗುವ ಮುನ್ನ, ಸ್ವಲ್ಪ ಬಿಡುವು ಬೇಕು. ಈ ಬಿಡುವನ್ನೂ ಸೇರಿಸಿದರೆ ಸಾಲಿಗೆ 2200 ಚುಕ್ಕೆಗಳ, ಚಿತ್ರಕ್ಕೆ 1125 ಸಾಲುಗಳ ಕಾಲವಾಗುತ್ತದೆ. ಸೆಕೆಂಡಿಗೆ 60 ಚಿತ್ರಗಳೆಂದರೆ 2200, 1125, 60 ಈ ಮೂರರ ಗುಣಲಬ್ಧ, ಅಂದರೆ 14 ಕೋಟಿ 85 ಲಕ್ಷ ಚುಕ್ಕೆಗಳು ಪ್ರತಿ ಸೆಕೆಂಡಿಗೂ ಕೇಬಲಿನಲ್ಲಿ ಓಡಬೇಕು. ತಾಳ ತಪ್ಪಿದರೆ ಚಿತ್ರವಿಲ್ಲ.

ಹಿಂದೆ ಈ ಲೆಕ್ಕವನ್ನು ಮನುಷ್ಯನೇ ಮಾಡಬೇಕಾಗಿತ್ತು. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬವರು 1991ರಲ್ಲಿ ಲಿನಕ್ಸನ್ನು ಪ್ರಕಟಿಸಿದರು. ಅದರ ಮೇಲೆ ಚಿತ್ರವನ್ನು ತೋರಿಸುತ್ತಿದ್ದುದು, ಅಮೆರಿಕದ ಎಂ.ಐ.ಟಿ.ಯಲ್ಲಿ 1984ರಲ್ಲಿ ಹುಟ್ಟಿದ ಎಕ್ಸ್ ಎಂಬ ಗವಾಕ್ಷಿ ವ್ಯವಸ್ಥೆ. ಆ ಕಾಲದಲ್ಲಿ ಬಳಕೆದಾರನು ತನ್ನ ಮಾನಿಟರಿನ ಕೈಪಿಡಿಯನ್ನು ತೆರೆದಿಟ್ಟುಕೊಂಡು, ಮೇಲೆ ಹೇಳಿದ ಸಂಖ್ಯೆಗಳನ್ನು ಒಂದೊಂದಾಗಿ ಕಡತದಲ್ಲಿ ಬರೆಯಬೇಕಾಗಿತ್ತು. ಸಂಖ್ಯೆ ತಪ್ಪಿದರೆ ಅಂದಿನ ಕ್ಯಾಥೋಡ್ ಕಿರಣದ ಮಾನಿಟರಿಗೆ ಹಾನಿಯೂ ಆಗುವ ಸಂಭವವಿತ್ತು. 2009ರಿಂದೀಚೆಗೆ ಈ ಕೆಲಸವನ್ನು ಲಿನಕ್ಸಿನ ತಿರುಳೇ ವಹಿಸಿಕೊಂಡಿದೆ. 2008ರಲ್ಲಿ ಆರಂಭವಾದ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯು ಎಕ್ಸ್‌ನ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿದೆ. ಎಲ್ಲವೂ ತಾನಾಗಿ ನಡೆಯುತ್ತದೆ. ಇದು ನಿಜವಾಗಿಯೂ ಒಳ್ಳೆಯದು. ಆದರೆ ತಾನಾಗಿ ನಡೆಯುವುದು ಒಂದು ದಿನ ನಿಂತಾಗ, ಒಳಗಿನದನ್ನು ಅರಿಯದವನು ದಿಕ್ಕುಗಾಣದವನಾಗುತ್ತಾನೆ. ಅನುಕೂಲವು ನಮ್ಮಿಂದ ಶ್ರಮವನ್ನು ತೆಗೆದುಕೊಳ್ಳಲಿ, ಅರಿವನ್ನು ತೆಗೆದುಕೊಳ್ಳಬಾರದು.

ವಾಚನಾಲಯದ ತೆರೆ

ಪಣಂಬೂರಿನ ಕಡಲತೀರಕ್ಕೆ ಸಮೀಪದ ಒಂದು ಸಣ್ಣ ವಾಚನಾಲಯದಲ್ಲಿ ನಡೆದ ಪ್ರಸಂಗವೊಂದನ್ನು ಇಲ್ಲಿ ಹೇಳಬೇಕು. ಅಲ್ಲಿ ಅಂಗೈಯಗಲದ ಕಂಪ್ಯೂಟರೊಂದಕ್ಕೆ ಮಾನಿಟರನ್ನು ಜೋಡಿಸಿ, ಆ ದಿನದ ಉಬ್ಬರವಿಳಿತಗಳ ವೇಳೆಯನ್ನೂ ವಾರ್ತೆಗಳನ್ನೂ ತೋರಿಸುವ ಏರ್ಪಾಡು ಇತ್ತು. ಒಂದು ಮಳೆಗಾಲ ಕಳೆದ ಮೇಲೆ ಅಕ್ಷರಗಳು ದಪ್ಪದಪ್ಪಗಾಗಿ ಮಸುಕಾದವು. ಯಾರೋ ಸದುದ್ದೇಶದಿಂದಲೇ ಎಲ್ಲಿಂದಲೋ ಒಂದು ಸಾಲನ್ನು ನಕಲು ಮಾಡಿ ಅದರ ಕಡತಕ್ಕೆ ಸೇರಿಸಿದರು. ತೆರೆಯು ಪೂರ್ತಿ ಕಪ್ಪಾಯಿತು. ರಿಪೇರಿಯವನೊಬ್ಬನು ಬಂದು ನೋಡಿ, ಕಂಪ್ಯೂಟರು ಹೋಗಿದೆ, ಹೊಸದು ತರಬೇಕು ಎಂದನು. ವಾಚನಾಲಯದಲ್ಲಿ ಹಣವಿರಲಿಲ್ಲ. ಹಣವಿಲ್ಲದ್ದರಿಂದಲೇ ಒಂದು ಶನಿವಾರ ಐದಾರು ಮಂದಿ ವಿದ್ಯಾರ್ಥಿಗಳೂ ನಾನೂ ಅದರ ಮುಂದೆ ಕುಳಿತೆವು.

ನಾವು ಮಾಡಿಕೊಂಡ ಕಟ್ಟಳೆ ಎರಡೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಏನು ಮಾಡಿದರೂ ಮೊದಲು ಬರೆದು ಆಮೇಲೆ ಮಾಡುವುದು.

ಮೊದಲನೆಯದಾಗಿ ಮಾನಿಟರಿನದೇ ಗುಂಡಿಯನ್ನು ಒತ್ತಿದೆವು. ಅದರ ಸ್ವಂತ ಪಟ್ಟಿ ತೆರೆಯ ಮೇಲೆ ಬೆಳಗಿತು. ಅಂದಮೇಲೆ ಮಾನಿಟರಿಗೆ ವಿದ್ಯುತ್ತು ಬರುತ್ತಿದೆ, ಅದರ ದೀಪ ಉರಿಯುತ್ತಿದೆ, ತೆರೆಯು ಚಿತ್ರವನ್ನು ತೋರಿಸಬಲ್ಲುದು. ಎರಡನೆಯದಾಗಿ, ಬೇರೊಂದು ಕಂಪ್ಯೂಟರಿನಿಂದ ಜಾಲದ ಮೂಲಕ ಈ ಪುಟ್ಟ ಯಂತ್ರವನ್ನು ಕರೆದು ನೋಡಿದೆವು. ಅದು ಉತ್ತರ ಕೊಟ್ಟಿತು. ಸತ್ತವನು ಓಗೊಡುವುದಿಲ್ಲ, ಆದುದರಿಂದ "ಕಂಪ್ಯೂಟರು ಹೋಗಿದೆ" ಎಂಬ ತೀರ್ಪು ಐದು ನಿಮಿಷಗಳಲ್ಲಿಯೇ ಬಿದ್ದುಹೋಯಿತು. ಮೂರನೆಯದಾಗಿ, ಜಾಲದ ಮೂಲಕವೇ ಒಳಹೊಕ್ಕು, ಲಿನಕ್ಸಿನ ತಿರುಳು ಪ್ರತಿಯೊಂದು ಚಿತ್ರದ ಕಂಡಿಗೂ ಇಟ್ಟಿರುವ ವರದಿಯನ್ನು ಓದಿದೆವು. "ಮಾನಿಟರು ಜೋಡಿಸಲ್ಪಟ್ಟಿದೆ" ಎಂದು ಅದು ಹೇಳುತ್ತಿತ್ತು. ಆದರೆ ಗುರುತಿನ ಚೀಟಿಯ ಕಡತವನ್ನು ನೋಡಿದರೆ ಅದು ಬರಿದು. ಒಂದು ಬೈಟೂ ಇರಲಿಲ್ಲ. ನಾಲ್ಕನೆಯದಾಗಿ, ಕಂಪ್ಯೂಟರು ಕಳುಹಿಸುತ್ತಿದ್ದ ಚಿತ್ರದ ಅಳತೆಯನ್ನು ನೋಡಿದೆವು. 1920 ಚುಕ್ಕೆಗಳ ಮಾನಿಟರಿಗೆ ಅದು 2560 ಚುಕ್ಕೆಗಳ, 1440 ಸಾಲುಗಳ ಚಿತ್ರವನ್ನು ಬಲವಂತವಾಗಿ ಕಳುಹಿಸುತ್ತಿತ್ತು. ನಕಲು ಮಾಡಿದ ಸಾಲಿನ ಫಲವಿದು. ಆ ಸಾಲು ಬೇರೊಬ್ಬರ ದೊಡ್ಡ ಮಾನಿಟರಿಗೆ ಬರೆದದ್ದಾಗಿತ್ತು.

ಕಡತದ ಪ್ರತಿಯೊಂದನ್ನು ತೆಗೆದಿರಿಸಿ, ಆ ಸಾಲನ್ನು ಅಳಿಸಿ, ಯಂತ್ರವನ್ನು ಮತ್ತೆ ಆರಂಭಿಸಿದೆವು. ಚಿತ್ರ ಬಂದಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ಬಂದದ್ದು 1024 ಚುಕ್ಕೆಗಳ, 768 ಸಾಲುಗಳ ದಪ್ಪ ಚಿತ್ರ. ಅನೇಕರು ಇಲ್ಲಿಗೇ ಕೈತೊಳೆದುಕೊಳ್ಳುವರು. ಆಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಮಾಸ್ಟ್ರೇ, ಅಕ್ಷರ ದಪ್ಪವಾದ ದಿನವೇ ವಾರ್ತೆಯ ಶಬ್ದವೂ ನಿಂತುಹೋಗಿತ್ತು. ಎರಡಕ್ಕೂ ಕಾರಣ ಒಂದೇ ಇರಬಹುದೇ?"

ಇದು ವಿಜ್ಞಾನಿಯ ಪ್ರಶ್ನೆ. ಗುರುತಿನ ಚೀಟಿ ಕೈಸೇರದಿದ್ದಾಗ, ಎದುರಿನ ಮಾನಿಟರು ಎಷ್ಟನ್ನು ತಾಳಬಲ್ಲುದೆಂದು ಕಂಪ್ಯೂಟರಿಗೆ ತಿಳಿಯುವುದಿಲ್ಲ. ಆದುದರಿಂದ ಅದು ಅಪಾಯವಿಲ್ಲದ ಸಣ್ಣ ಅಳತೆಯನ್ನು ಹಿಡಿಯುತ್ತದೆ. ಮಾನಿಟರು ಶಬ್ದವನ್ನು ಸ್ವೀಕರಿಸಬಲ್ಲುದೇ ಎಂಬುದೂ ತಿಳಿಯದ್ದರಿಂದ ಚಿತ್ರವನ್ನು ಮಾತ್ರ ಕಳುಹಿಸುತ್ತದೆ. ಒಂದೇ ಊಹೆ ಎರಡು ಚಿಹ್ನೆಗಳನ್ನೂ ವಿವರಿಸಿತು: ಚೀಟಿ ಬರುತ್ತಿಲ್ಲ. ಏಕೆ ಬರುತ್ತಿಲ್ಲ? ಸಂಶಯಕ್ಕೆ ಪಾತ್ರವಾದವು ಮೂರು: ಮಾನಿಟರಿನ ಸ್ಮೃತಿಕೋಶ, ಕೇಬಲು, ಕಂಪ್ಯೂಟರಿನ ಕಂಡಿ. ಕೇಬಲೊಂದನ್ನು ಮಾತ್ರ ಬದಲಾಯಿಸಿದೆವು. ಕೂಡಲೆ 256 ಬೈಟುಗಳ ಚೀಟಿ ಬಂದಿತು; ಅಂದರೆ ಮೂಲಭಾಗ 128, ವಿಸ್ತರಣಭಾಗ 128. ಚಿತ್ರ ನಿಚ್ಚಳವಾಯಿತು, ಶಬ್ದವೂ ಕೇಳಿಸಿತು.

ಇಲ್ಲಿಗೂ ನಿಲ್ಲಲಿಲ್ಲ. ಹಳೆಯ ಕೇಬಲನ್ನು ಮತ್ತೆ ಹಾಕಿ ನೋಡಿದೆವು, ದೋಷ ಮರಳಿತು. ಹೊಸದನ್ನು ಹಾಕಿದೆವು, ದೋಷ ಹೋಯಿತು. ಕಾರಣವನ್ನು ಕೊಟ್ಟಾಗ ಕಾರ್ಯ ತೋರಿ, ತೆಗೆದಾಗ ಅಡಗಿದರೆ ಮಾತ್ರ ಅದನ್ನು ಕಾರಣವೆನ್ನಬಹುದು. ಹಳೆಯ ಕೇಬಲಿನ ತುದಿಯಲ್ಲಿ ಹಸುರುಬಣ್ಣದ ಕಿಲುಬು ಕಾಣುತ್ತಿತ್ತು. ಕಡಲತೀರದ ಉಪ್ಪುಗಾಳಿಯ ಕೆಲಸವಿದೆಂದು ನಾವು ಊಹಿಸಿದೆವು. ಆದರೆ ಅದನ್ನು ಪರೀಕ್ಷಿಸಲಿಲ್ಲವಾದುದರಿಂದ ನೋಟುಪುಸ್ತಕದಲ್ಲಿ ಊಹೆಯೆಂದೇ ಬರೆದೆವು. ವೆಚ್ಚವಾದುದು ಒಂದು ಕೇಬಲಿನ ಬೆಲೆ ಮಾತ್ರ.

ಈ ಪ್ರಸಂಗದ ತಿರುಳನ್ನು ಗಮನಿಸಬೇಕು. ದೋಷಗಳು ಎರಡಿದ್ದವು. ಮೊದಲನೆಯದನ್ನು ಕಾಲವು ಮಾಡಿತು. ಎರಡನೆಯದನ್ನು ಮದ್ದು ಮಾಡಿತು. ಅರ್ಥ ತಿಳಿಯದೆ ಹಾಕಿದ ಮದ್ದು ರೋಗವನ್ನು ಕಳೆಯಲಿಲ್ಲ. ಅದನ್ನು ಮರೆಮಾಡಿತು, ಮೇಲೊಂದು ರೋಗವನ್ನೂ ತಂದಿತು.

ಸರಪಳಿಯನ್ನು ಅರ್ಧಿಸುವುದು

ತೆರೆಯವರೆಗಿನ ದಾರಿಯನ್ನು ಒಂದು ಸರಪಳಿಯೆಂದು ತಿಳಿಯಬಹುದು. ವಿದ್ಯುತ್ತು, ಕಂಪ್ಯೂಟರಿನ ಆರಂಭ, ಲಿನಕ್ಸಿನ ತಿರುಳು, ಚಿತ್ರದ ಚಾಲಕ ತಂತ್ರಾಂಶ, ಕೇಬಲು, ಮಾನಿಟರು, ಗವಾಕ್ಷಿ ವ್ಯವಸ್ಥೆ, ಬಳಕೆದಾರನ ಪ್ರವೇಶ ಹೀಗೆ ಎಂಟು ಕೊಂಡಿಗಳನ್ನು ಎಣಿಸೋಣ. ಒಂದೊಂದನ್ನೇ ತಡವುತ್ತ ಹೋದರೆ ಏಳು ಪರೀಕ್ಷೆಗಳು ಬೇಕಾಗಬಹುದು. ನಡುವೆ ಪರೀಕ್ಷಿಸಿ, ದೋಷವು ಈಚೆಗಿದೆಯೋ ಆಚೆಗಿದೆಯೋ ಎಂದು ಪ್ರತಿ ಸಲವೂ ಅರ್ಧಿಸುತ್ತ ಹೋದರೆ ಮೂರು ಪರೀಕ್ಷೆಗಳು ಸಾಕು. ಕಂಟ್ರೋಲ್, ಆಲ್ಟ್ ಗುಂಡಿಗಳೊಂದಿಗೆ ಎಫ್ 3ನ್ನು ಒತ್ತಿದಾಗ ಅಕ್ಷರಗಳ ಸರಳ ತೆರೆ ಕಾಣಿಸಿಕೊಂಡರೆ ಮೊದಲ ಆರು ಕೊಂಡಿಗಳು ಒಂದೇ ಏಟಿಗೆ ನಿರ್ದೋಷಿಗಳಾಗುತ್ತವೆ. ಉಳಿದ ಎರಡರಲ್ಲಿ ಹುಡುಕಿದರಾಯಿತು. ಡಿಸ್ಕಿನಲ್ಲಿ ಜಾಗ ಪೂರ್ತಿ ತುಂಬಿಹೋದುದರಿಂದಲೇ ಗವಾಕ್ಷಿ ತೆರೆಯದಿರುವ ಸಂದರ್ಭಗಳು ಅಪರೂಪವಲ್ಲ. ಅಲ್ಲಿ ಮಾನಿಟರನ್ನು ಎಷ್ಟು ಸಲ ಬದಲಾಯಿಸಿದರೂ ಫಲವಿಲ್ಲ.

ಇದಲ್ಲದೆ ಲಿನಕ್ಸ್ ತನ್ನ ದಿನಚರಿಯನ್ನು ತಾನೇ ಬರೆದಿಡುತ್ತದೆ. ಯಾವ ಯಂತ್ರಾಂಶವನ್ನು ಕಂಡಿತು, ಯಾವ ಚಾಲಕವನ್ನು ಕರೆಯಿತು, ಎಲ್ಲಿ ಎಡವಿತು ಎಂಬುದೆಲ್ಲ ವೇಳೆಸಹಿತ ದಾಖಲಾಗಿರುತ್ತದೆ. ತನ್ನ ರೋಗವನ್ನು ತಾನೇ ಬರೆದುಕೊಡುವ ರೋಗಿ ವೈದ್ಯನಿಗೆ ಎಲ್ಲಿ ಸಿಕ್ಕಾನು? ಹಾಗಿದ್ದರೂ ಆ ದಿನಚರಿಯನ್ನು ಓದದೆಯೇ ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬುವವರನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ. ಅಳಿಸಿದಾಗ ದೋಷದೊಂದಿಗೆ ಸಾಕ್ಷ್ಯವೂ ಅಳಿಯುತ್ತದೆ.

ಯಂತ್ರಗಳೊಳಗೆ ಅಡಗಿರುವ ಕಂಪ್ಯೂಟರುಗಳಲ್ಲಿ ಪರಿಸ್ಥಿತಿ ಇನ್ನೂ ಸ್ವಾರಸ್ಯಕರ. ಅಲ್ಲಿನ ಚಿಕ್ಕ ತೆರೆಗಳಲ್ಲಿ ಅನೇಕವು ಗುರುತಿನ ಚೀಟಿಯನ್ನೇ ಹೊಂದಿಲ್ಲ. ಅವುಗಳ ಅಳತೆ, ಬಿಡುವು, ವೇಗಗಳನ್ನು ಎಂಜಿನಿಯರನೇ ಯಂತ್ರವಿವರಣೆಯ ಕಡತದಲ್ಲಿ ಬರೆದುಕೊಡಬೇಕು. ಹೀಗೆ ನಾವು ಮತ್ತೆ 1990ರ ದಶಕಕ್ಕೆ ಹಿಂದಿರುಗಿದಂತಾಗುತ್ತದೆ. ಆದರೆ ಇಲ್ಲಿ ದೋಷದ ರೂಪವೇ ಕಾರಣವನ್ನು ಸೂಚಿಸುತ್ತದೆ. ಚಿತ್ರವು ಒಂದು ಪಕ್ಕಕ್ಕೆ ಸರಿದಿದ್ದರೆ ಬಿಡುವಿನ ಲೆಕ್ಕ ತಪ್ಪಿರಬಹುದು. ಕೆಂಪು ಇರಬೇಕಾದಲ್ಲಿ ನೀಲಿ ಕಂಡರೆ ಬಣ್ಣಗಳ ಅನುಕ್ರಮ ತಪ್ಪಿದೆ. ಎಡಗಡೆ ಮುಟ್ಟಿದಾಗ ಬಲಗಡೆ ಓಗೊಟ್ಟರೆ, ಚಿತ್ರವನ್ನು ತಿರುಗಿಸಿದವರು ಸ್ಪರ್ಶವನ್ನು ತಿರುಗಿಸಲು ಮರೆತಿದ್ದಾರೆ. ತೆರೆಯು ಪೂರ್ತಿ ಕಪ್ಪಾಗಿದ್ದರೆ ಕತ್ತಲೆಯಲ್ಲಿ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿರಿ. ಮಂಕಾಗಿ ಚಿತ್ರ ಕಂಡರೆ ಚಿತ್ರಕ್ಕೇನೂ ಆಗಿಲ್ಲ, ಅದರ ಬೆನ್ನ ಹಿಂದಿನ ದೀಪ ಆರಿದೆ. ನಾಲ್ಕು ಚಿಹ್ನೆಗಳು, ನಾಲ್ಕು ಕಾರಣಗಳು. ಉಪಕರಣ ಒಂದು ಟಾರ್ಚು ಮತ್ತು ಎರಡು ಕಣ್ಣುಗಳು.

ಕನ್ನಡಿಗರಾದ ನಮಗೆ ಇನ್ನೂ ಒಂದು ಪರೀಕ್ಷೆಯುಂಟು. ತೆರೆಯೆಲ್ಲ ಸರಿಯಾಗಿದ್ದರೂ ಕನ್ನಡವು ಸರಿಯಾಗಿ ಕಾಣದಿರಬಹುದು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಸ್ಥಾನವಿದೆ. ಆದರೆ ಅಲ್ಲಿ ಅಕ್ಷರದ ಅಂಶಗಳು ಸಾಲಾಗಿ ನಿಂತಿವೆಯೇ ಹೊರತು ಒತ್ತಕ್ಷರಗಳು ಸಿದ್ಧವಾಗಿಲ್ಲ. "ಸ್ತ್ರೀ" ಎಂಬ ಒಂದು ಅಕ್ಷರವು ಆರು ಸಂಕೇತಗಳಾಗಿ ಶೇಖರವಾಗುತ್ತದೆ. ಅವನ್ನು ಕೂಡಿಸಿ ಒತ್ತುಗಳನ್ನು ಸ್ವಸ್ಥಾನದಲ್ಲಿ ಇರಿಸುವ ಕೆಲಸ ಹಾರ್ಫ್‌ಬಜ್‌ನಂತಹ ತಂತ್ರಾಂಶದ್ದು. ಬರಿಯ ಚೌಕಗಳು ಕಂಡರೆ ಅಕ್ಷರವಿನ್ಯಾಸದ ಕಡತವಿಲ್ಲ. ಅಕ್ಷರಗಳಿದ್ದು ಒತ್ತುಗಳು ಬಿಡಿಬಿಡಿಯಾಗಿ ಒಡೆದು ಕಂಡರೆ ಜೋಡಿಸುವ ತಂತ್ರಾಂಶವಿಲ್ಲ. ಸಣ್ಣ ಯಂತ್ರಗಳಲ್ಲಿ ಸ್ಥಳವನ್ನುಳಿಸಲು ಇದನ್ನು ಬಿಟ್ಟುಬಿಡುವುದುಂಟು. ಇಂತಹ ದೋಷವನ್ನು ಪರದೇಶದ ಎಂಜಿನಿಯರನು ಕಾಣಲಾರನು. ಅವನಿಗೆ ಅದು ದೋಷವೆಂದೇ ತೋರದು. ಕನ್ನಡವನ್ನು ಕಂಪ್ಯೂಟರಿನಲ್ಲಿ ನೆಲೆಗೊಳಿಸಲು ದುಡಿದವರಲ್ಲಿ ಪ್ರಮುಖರಾದ ಕೆ. ಪಿ. ರಾಯರು ಇಲ್ಲಿಗೆ ಸಮೀಪದ ಕಿನ್ನಿಕಂಬಳದವರೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನೆಯಬೇಕು. ಅವರು ತೊಡಗಿದ ಕೆಲಸ ಮುಗಿದಿಲ್ಲ.

ಆಕ್ಷೇಪಗಳಿಗೆ ಉತ್ತರ

ಈ ವಾದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಕಾಲವೇ ಹಣವಾಗಿರುವ ಈ ದಿನಗಳಲ್ಲಿ ಒಂದು ಕೇಬಲಿಗಾಗಿ ಶನಿವಾರವನ್ನು ಕಳೆಯುವುದು ಸರಿಯೇ ಎಂದು ಕೇಳಬಹುದು. ಪಣಂಬೂರಿನಲ್ಲಿಯೇ ರಸಗೊಬ್ಬರದ ಕಾರ್ಖಾನೆಯಿದೆ, ಕಬ್ಬಿಣದ ಅದಿರಿನ ಉಂಡೆಗಳನ್ನು ಮಾಡುವ ಸ್ಥಾವರವಿದೆ, ಬಂದರಿದೆ. ಇಂತಹ ಉದ್ಯಮಗಳ ನಿಯಂತ್ರಣ ಕೊಠಡಿಯಲ್ಲಿ ತೆರೆಯೊಂದು ಕಪ್ಪಾದರೆ ಅಲ್ಲಿ ಕುಳಿತು ಊಹಾಪೋಹ ನಡೆಸಲಾಗದು. ಮೊದಲು ಬದಲಿ ತೆರೆಯನ್ನು ಆಶ್ರಯಿಸಬೇಕು. ಹಡಗಿನ ವಿದ್ಯುನ್ಮಾನ ನಕಾಶೆಯನ್ನು ಕಾಗದದ ನಕಾಶೆಯ ಬದಲಾಗಿ ಬಳಸುವಲ್ಲಿ ಅದಕ್ಕೆ ಬದಲಿ ಏರ್ಪಾಡು ಇರಲೇಬೇಕೆಂದು ಅಂತರರಾಷ್ಟ್ರೀಯ ನಿಯಮವೇ ವಿಧಿಸುತ್ತದೆ. ಈ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಅಲ್ಲಿಯೂ ಬದಲಿಯು ಕೆಲಸವನ್ನು ಮುಂದುವರಿಸಲು ಮಾತ್ರ; ಕಾರಣವನ್ನು ಹುಡುಕುವುದು ತಪ್ಪುವುದಿಲ್ಲ. ಹುಡುಕುವವರು ಎಲ್ಲಿಂದ ಬರಬೇಕು? ಇಂದು ಶಾಲೆಯಲ್ಲಿ ಹುಡುಕಲು ಕಲಿತವರೇ ನಾಳೆ ಅಲ್ಲಿ ಹುಡುಕಬಲ್ಲರು. ವಿದ್ಯಾರ್ಥಿಯ ಶನಿವಾರ ಕಾರ್ಖಾನೆಯ ಶನಿವಾರವಲ್ಲ. ಅದು ಕಲಿಯಲೆಂದೇ ಇರುವ ದಿನ.

ಮಕ್ಕಳು ಯಂತ್ರವನ್ನು ಕೆಡಿಸಿಬಿಡುವರೆಂಬ ಭಯ ಇನ್ನೊಂದು. ಮಾನಿಟರಿನ ಮೈಯನ್ನು ಬಿಚ್ಚಬಾರದು. ಅದರೊಳಗಿನ ಕೆಲವು ಭಾಗಗಳಲ್ಲಿ ಪ್ಲಗ್ಗನ್ನು ಕಿತ್ತ ಮೇಲೂ ಅಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ. ಯಾವ ಕಡತವನ್ನು ತಿದ್ದುವ ಮೊದಲೂ ಅದರ ಪ್ರತಿಯನ್ನು ತೆಗೆದಿರಿಸಬೇಕು. ಈ ಎರಡು ಕಟ್ಟಳೆಗಳನ್ನು ಪಾಲಿಸಿದರೆ ಮಕ್ಕಳಿಗಾಗಲಿ ಯಂತ್ರಕ್ಕಾಗಲಿ ಅಪಾಯವಾಗುವ ಸಂಭವ ಬಹಳ ಕಡಿಮೆ.

ಇಷ್ಟನ್ನು ಹೇಳಿದ ಮೇಲೆ ನನ್ನ ಸಲಹೆಗಳನ್ನು ಮುಂದಿಡುತ್ತೇನೆ. ಕಂಪ್ಯೂಟರಿನ ಪ್ರಾಯೋಗಿಕ ಪರೀಕ್ಷೆಯಲ್ಲಿ ದೋಷಶೋಧನೆಯ ಒಂದು ಪ್ರಶ್ನೆಯಾದರೂ ಇರಬೇಕು. ಅಧ್ಯಾಪಕರು ಅಪಾಯವಿಲ್ಲದ ದೋಷವೊಂದನ್ನು ಉದ್ದೇಶಪೂರ್ವಕವಾಗಿ ಉಂಟುಮಾಡಲಿ. ಅಂಕಗಳನ್ನು ತೆರೆ ಬೆಳಗಿದುದಕ್ಕಲ್ಲ, ನೋಟುಪುಸ್ತಕದಲ್ಲಿ ಬರೆದ ಕ್ರಮಕ್ಕೆ ಕೊಡಲಿ. ದೋಷವನ್ನು ಕಂಡುಹಿಡಿಯಲಾರದೆ ಹೋದರೂ ಎಲ್ಲೆಲ್ಲಿ ದೋಷವಿಲ್ಲವೆಂದು ತೋರಿಸಿಕೊಟ್ಟ ವಿದ್ಯಾರ್ಥಿ ಅರ್ಧಕ್ಕಿಂತ ಹೆಚ್ಚು ಅಂಕಗಳಿಗೆ ಅರ್ಹನು. ಈ ನೋಟುಪುಸ್ತಕ ಕನ್ನಡದಲ್ಲಿರಲಿ. ತಾನು ನಕಲು ಮಾಡುವ ಆಜ್ಞೆ ಏನನ್ನು ಮಾಡುವುದೆಂದು ಒಂದು ಕನ್ನಡ ವಾಕ್ಯದಲ್ಲಿ ಹೇಳಲಾರದವನು ಅದನ್ನು ಯಂತ್ರಕ್ಕೆ ಹಾಕಬಾರದು. ಕೊನೆಯದಾಗಿ, ಯಾವ ಶಾಲೆಯೂ ಕಂಪ್ಯೂಟರೊಂದನ್ನು ಗುಜರಿಗೆ ಕಳುಹಿಸುವ ಮುನ್ನ ವಿದ್ಯಾರ್ಥಿಗಳ ಪರೀಕ್ಷಾಪತ್ರವೊಂದು ಅದಕ್ಕೆ ಲಗತ್ತಾಗಿರಬೇಕು. ಮರಣವನ್ನು ಸಾರುವ ಮೊದಲು ನಾಡಿಯನ್ನು ಹಿಡಿದು ನೋಡುವುದು ಕನಿಷ್ಠ ಧರ್ಮ.

ವಾಚನಾಲಯದ ಆ ತೆರೆಯಲ್ಲಿ ಈಗಲೂ ಉಬ್ಬರವಿಳಿತಗಳ ವೇಳೆ ಮೂಡುತ್ತಿದೆ. ಅದರ ಪಕ್ಕದ ಗೋಡೆಗೆ ವಿದ್ಯಾರ್ಥಿಗಳು ಹಳೆಯ ಕೇಬಲನ್ನು ತೂಗುಹಾಕಿ, ಕೆಳಗೆ ಆ ದಿನದ ನ���ಟುಪುಸ್ತಕದ ಪುಟಗಳನ್ನು ಅಂಟಿಸಿದ್ದಾರೆ. ಮುಂದಿನ ಮಳೆಗಾಲದಲ್ಲಿ ತೆರೆ ಮತ್ತೆ ಕಪ್ಪಾದೀತು; ಉಪ್ಪುಗಾಳಿ ಬೀಸುವುದನ್ನು ಬಿಡಲಾರದು. ಆದರೆ ಆಗ "ಇದು ಸತ್ತುಹೋಯಿತು" ಎಂಬ ಮಾತು ಆ ಮಕ್ಕಳ ಬಾಯಿಂದ ಮೊದಲು ಬಾರದು ಎಂಬ ಭರವಸೆ ನನಗಿದೆ.